ನಾಲ್ಕು ಸಾವಿರದ ನೂರಾ ಆರನೇ ಸಾಲು

ನಮ್ಮ ಊರಲ್ಲಿ ಹೆಣ್ಣು ಕೊಡುವವರು ಮೊದಲು ಕೇಳುವುದು ಹುಡುಗ ಏನು ಕೆಲಸ ಮಾಡ್ತಾನೆ ಅಂತ ಅಲ್ಲ, ಮನೆ ಎಷ್ಟನೇ ಸಾಲಲ್ಲಿದೆ ಅಂತ. ನಮ್ಮದು ಮುನ್ನೂರ ಮೂವತ್ತೊಂಬತ್ತನೇ ಸಾಲು, ಎಫ್ ಬೀದಿ. ಅದನ್ನು ಕೇಳಿದವರು ‘ಓಹೋ’ ಅಂದು, ಕಾಫಿ ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದುಬಿಡ್ತಾರೆ.

ಊರಿನ ಆಫೀಸಿನಲ್ಲಿ ಒಂದು ಕಂಪ್ಯೂಟರ್ ಇದೆ. ಅದರಲ್ಲಿ ಒಂದು ಶೀಟು. ಎ ಬೀದಿಯಿಂದ ಎಲ್ ಬೀದಿವರೆಗೆ ಮೇಲಿಂದ ಕೆಳಕ್ಕೆ ಹನ್ನೆರಡು ಕಂಬ, ಒಂದರಿಂದ ಮುನ್ನೂರ ನಲವತ್ತರವರೆಗೆ ಸಾಲು, ಒಂದೊಂದು ಚೌಕಕ್ಕೆ ಒಂದೊಂದು ಮನೆ, ಚೌಕದೊಳಗೆ ಮನೆ ಯಜಮಾನರ ಹೆಸರು. ಪರದೆಯ ಮೇಲೆ ಯಾವ ಚೌಕ ಕಾಣುತ್ತೋ ಆ ಮನೆಯ ನಲ್ಲಿಯಲ್ಲಿ ನೀರು ಬರುತ್ತೆ. ಪರದೆ ಸರಿಸಿದರೆ ನಿಲ್ಲುತ್ತೆ. ನಮ್ಮಲ್ಲಿ ನೀರು ಬಂತು ಅನ್ನಲ್ಲ, ಪರದೆ ಬಂತು ಅಂತಾರೆ. ಬೆಳಿಗ್ಗೆ ಆರಕ್ಕೆ ಶೀಟು ತೆಗೆದು, ಮೂವತ್ತು ಸಾಲಿಗೆ ಅರ್ಧ ಗಂಟೆಯಂತೆ ಕೆಳಗೆ ಸರಿಸಿಕೊಂಡು ಬಂದರೆ ಹನ್ನೆರಡಕ್ಕೆ ಊರು ಮುಗಿಯುತ್ತೆ. ಭಾನುವಾರ ಶೀಟು ತೆಗೆಯಲ್ಲ.

ಈ ಲೆಕ್ಕದಲ್ಲಿ ನಮ್ಮ ಮನೆಗೆ ಪರದೆ ಬರುವುದು ಹನ್ನೊಂದೂವರೆಗೆ. ಅಪ್ಪ ಅಮ್ಮ ಇಬ್ಬರೂ ಇಟ್ಟಿಗೆ ಗೂಡಿಗೆ ಹೋಗುವವರು. ಹನ್ನೊಂದೂವರೆಗೆ ಮನೆಯಲ್ಲಿ ಕೊಡ ಹಿಡಿದು ನಿಲ್ಲಬೇಕಾದವನು ನಾನು. ಶಾಲೆಯಲ್ಲಿ ಹನ್ನೊಂದೂವರೆಗೆ ಗಣಿತ. ಮೇಷ್ಟರು ಎರಡು ವರ್ಷ ಬೈದರು, ಮೂರನೇ ವರ್ಷ ಪಟ್ಟಿಯಿಂದ ಹೆಸರು ಹೊಡೆದರು. ಏಳನೇ ಕ್ಲಾಸಿಗೆ ನನ್ನ ಓದು ಮುಗೀತು. ಮೇಷ್ಟರ ಮನೆ ಎಂಟನೇ ಸಾಲು. ಅವರಿಗೆ ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಪರದೆ.

ಎಂಟನೇ ಸಾಲಿನವರ ಮೇಲಾದರೂ ಸಿಟ್ಟು ಒಂದು ಮಟ್ಟಕ್ಕೆ ನಿಲ್ಲುತ್ತೆ. ಮೊದಲ ಎರಡು ಸಾಲಿನವರ ಕಥೆ ಬೇರೆ. ಶೀಟಿನ ಮೇಲಿನ ಎರಡು ಸಾಲನ್ನು ಕದಲದ ಹಾಗೆ ಕಟ್ಟಿಹಾಕಿದ್ದಾರೆ. ಕೆಳಗಿನ ಊರೆಲ್ಲ ಸರಿಯುತ್ತಾ ಹೋದರೂ ಅವೆರಡು ಸಾಲು ಪರದೆಯ ನೆತ್ತಿಯ ಮೇಲೆ ಹಾಗೇ ಕೂತಿರುತ್ತವೆ. ಕಟ್ಟಿದ ಸಾಲು ಅಂತಲೇ ಹೆಸರು. ಅಧ್ಯಕ್ಷ ಸದಾನಂದಯ್ಯ, ಅವರ ತಮ್ಮ, ಡಾಕ್ಟರು, ಕಲ್ಯಾಣ ಮಂಟಪದವರು, ಎಲ್ಲ ಸೇರಿ ಇಪ್ಪತ್ತನಾಲ್ಕು ಮನೆ. ಆರರಿಂದ ಹನ್ನೆರಡರವರೆಗೆ ನಲ್ಲಿ ನಿಲ್ಲಲ್ಲ. ಆ ಮನೆಗಳ ಮಕ್ಕಳಿಗೆ ಕೊಡ ಅಂದರೆ ಪೂಜೆಗೆ ಇಡುವ ಸಾಮಾನು.

ಅಂಥವರೇ ನನಗೆ ಕೆಲಸ ಕೊಟ್ಟರು. ಹದಿನಾರು ವರ್ಷ ಪರದೆ ಸರಿಸಿದ ವೆಂಕೋಬರಾಯರು ನಿವೃತ್ತರಾದರು. ನಿವೃತ್ತಿ ಅಂತ ಕಾಗದದಲ್ಲಿ ಬರೆದಿದ್ದು, ನಿಜಕ್ಕೂ ಕಳಿಸಿದ್ದು. ಟ್ಯಾಂಕಿನ ನೀರು ಲೆಕ್ಕಕ್ಕಿಂತ ಬೇಗ ಇಳೀತಿದೆ, ರಾಯರು ಹನ್ನೆರಡಾದ ಮೇಲೂ ಪರದೆಯನ್ನು ಎಲ್ಲೆಲ್ಲಿಗೋ ಜಾರಿಸ್ತಾರೆ ಅಂತ ದೂರು. ಮುನ್ನೂರ ನಲವತ್ತರ ಆಚೆಗೂ ಸಾಲುಗಳಿವೆ. ಬೀದಿ, ಮನೆ, ಬಾಗಿಲು, ನಲ್ಲಿ ಎಲ್ಲ ಇದೆ, ಜನ ಮಾತ್ರ ಇಲ್ಲ. ಹತ್ತು ಲಕ್ಷ ಚಿಲ್ಲರೆ ಸಾಲಿದೆ ಅಂತ ಹೇಳ್ತಾರೆ, ಕೊನೆ ಕಂಡವರಿಲ್ಲ. ಪರದೆ ಅತ್ತ ಜಾರಿದರೆ ಖಾಲಿ ಮನೆಗಳ ನಲ್ಲಿಯಲ್ಲಿ ನೀರು ಸುರಿದು ಹಾಳು. ಅದಕ್ಕೆ ಸಭೆ ಕೂಡಿ ಠರಾವು ಮಾಡಿದರು: ಪರದೆ ಇನ್ನು ಮುಂದೆ ಎ ಒಂದರಿಂದ ಎಲ್ ಮುನ್ನೂರ ನಲವತ್ತರೊಳಗೇ ಓಡಾಡಬೇಕು. ಹೊರಗಿನಿಂದ ಒಬ್ಬ ಜಾಣ ಬಂದು ಶೀಟಿಗೆ ಗಡಿ ಹಾಕಿಕೊಟ್ಟ. ಅವನು ಹೋದ ಮರುದಿನ ಶೀಟು ತೆಗೆದು ನೋಡಿದರೆ ಗಡಿ ಇಲ್ಲ. ಮುಚ್ಚಿ ತೆಗೆದಾಗಲೆಲ್ಲ ಅಳಿಸಿಹೋಗುತ್ತೆ. ಹಾಗಾಗಿ ದಿನಾ ಬೆಳಿಗ್ಗೆ ಹೊಸದಾಗಿ ಗಡಿ ಹಾಕಿ, ‘ಗಡಿ ಹಾಕಲಾಗಿದೆ’ ಅಂತ ಪುಸ್ತಕದಲ್ಲಿ ಬರೆದು ರುಜು ಮಾಡುವವನೊಬ್ಬ ಬೇಕಾಯಿತು.

ನಾನು ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಕಲಿತಿದ್ದೆ. ‘ಏಳನೇ ಕ್ಲಾಸಾ? ಒಳ್ಳೇದೇ ಆಯ್ತು, ಜಾಸ್ತಿ ಓದಿದೋರು ಪ್ರಶ್ನೆ ಕೇಳ್ತಾರೆ’ ಅಂದರು ಸದಾನಂದಯ್ಯ, ನನ್ನ ಎದುರಿಗೇ. ಸೂಪರಿಂಟೆಂಡೆಂಟ್ ಪಂಕಜಾಕ್ಷಿ ಮೇಡಂ ಮಾತ್ರ ಪುಸ್ತಕ ನನ್ನ ಕಡೆ ತಳ್ಳಿ, ‘ರುಜು ಹಾಕೋಕೆ ಬರುತ್ತಾ?’ ಅಂದರು. ಬರುತ್ತೆ ಅಂದೆ. ‘ಗೆರೆ ಮೇಲೆ ಹಾಕು. ಗೆರೆ ಬಿಟ್ಟು ಹಾಕಿದರೆ ನನಗಾಗಲ್ಲ.’

ಮೂರನೇ ದಿನವೇ ನನ್ನ ಕೈ ಸುಮ್ಮನಿರಲಿಲ್ಲ. ಗಡಿ ಹಾಕುವ ಮೊದಲು ಒಂದು ಸಲ ಊರಿನ ಕೊನೆ ನೋಡಬೇಕು ಅನ್ನಿಸಿತು. ಶೀಟಿನಲ್ಲಿ ಒಂದು ಜಿಗಿತ ಇದೆ. ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಖಾಲಿ ಚೌಕಗಳನ್ನೆಲ್ಲ ದಾಟಿ, ಏನಾದರೂ ಬರೆದಿರುವ ಮುಂದಿನ ಚೌಕಕ್ಕೆ ಹೋಗಿ ನಿಲ್ಲುತ್ತೆ. ಕೆಳಗೆ ಏನೂ ಬರೆದಿಲ್ಲ ಅಂದರೆ ಸೀದಾ ತಳಕ್ಕೆ. ಎಲ್ ಬೀದಿಯ ಪಕ್ಕದ ಎಂ ಬೀದಿ ಪೂರ್ತಿ ಖಾಲಿ, ಅಲ್ಲಿ ಒಂದು ಮನೆಯೂ ಕಟ್ಟಿಲ್ಲ. ಅಲ್ಲಿ ನಿಂತು ಒತ್ತಿದೆ. ಹತ್ತು ಲಕ್ಷಕ್ಕೆ ಹೋಗುತ್ತೆ ಅಂತ ಕಾದರೆ ನಾಲ್ಕು ಸಾವಿರದ ನೂರಾ ಆರಕ್ಕೆ ನಿಂತಿತು. ಯಾಕೆ ನಿಂತಿತು ಅಂತ ಮುಖ ಪರದೆಗೆ ತಗುಲಿಸಿ ನೋಡಿದೆ. ಎಂ ಬೀದಿಯ ಆ ಚೌಕದಲ್ಲಿ ಒಂದು ಚುಕ್ಕೆ ಇತ್ತು. ಹೆಸರಲ್ಲ, ಅಂಕಿಯಲ್ಲ, ನೊಣ ಕೂತಂಥ ಒಂದು ಚುಕ್ಕೆ. ಎರಡು ನಿಮಿಷ ನೋಡಿ, ಹೆದರಿ, ಮೇಲೆ ಬಂದು ಗಡಿ ಹಾಕಿ ರುಜು ಮಾಡಿದೆ.

ಆಮೇಲೆ ಎರಡು ದಿನಕ್ಕೆ ಒಬ್ಬ ಹೆಂಗಸು ಆಫೀಸಿನ ಬಾಗಿಲಿಗೆ ಬಂದಳು. ನಲವತ್ತು ನಲವತ್ತೈದರ ವಯಸ್ಸು. ಚಪ್ಪಲಿ ತುಂಬ ಧೂಳು. ಎರಡೂ ಕೈ ಮೊಣಕೈವರೆಗೆ ನೀಲಿ. ಕಂಪ್ಯೂಟರಿನ ಕುರ್ಚಿ ಮೇಲೆ ಯಾರು ಕೂತಿದ್ದಾರೆ ಅಂತ ನೋಡಿದಳು. ರಾಯರಲ್ಲ, ನಾನು. ಬಂದ ದಾರಿಯಲ್ಲೇ ಹೋದಳು.

ಸಂಜೆ ವೆಂಕೋಬರಾಯರ ಮನೆಗೆ ಹೋದೆ. ಜಗಲಿ ಮೇಲೆ ಕೂತು ಅವರೇಕಾಯಿ ಸುಲೀತಿದ್ದರು.

‘ರಾಯರೇ, ಎಂ ಬೀದೀಲಿ ಒಂದು ಚುಕ್ಕೆ ಇದೆ.’

‘ಇರಬೋದು ಕಣಯ್ಯ. ನನ್ನ ಬೆರಳಿಗೆ ವಾತ. ಎಲ್ಲೋ ಜಾರಿ ಒತ್ತಿರಬೇಕು.’

‘ಹನ್ನೆರಡು ಗಂಟೆ ಆದ್ಮೇಲೆ ದಿನಾ ಜಾರ್ತಿತ್ತಂತೆ.’

‘ವಾತ ಹೊತ್ತು ನೋಡ್ಕೊಂಡು ಬರುತ್ತೆ.’

‘ಹದಿನಾರು ವರ್ಷ ಒಂದೇ ಜಾಗಕ್ಕಾ?’

ಅವರು ಕಾಳಿನ ಬುಟ್ಟಿ ನನ್ನ ಮುಂದೆ ಸರಿಸಿದರು. ‘ಸುಲಿ. ಸುಮ್ಮನೆ ಕೂತರೆ ನಿನಗೆ ಬಾಯಿ ಜಾಸ್ತಿ. ನಿನಗೆ ಸೈಕಲ್ ಇದೆಯೇನೋ?’

ಅಷ್ಟೇ ಹೇಳಿದ್ದು. ಭಾನುವಾರ ಬೆಳಕು ಹರಿಯುತ್ತಲೇ ಸೈಕಲ್ ಹತ್ತಿದೆ. ಮುನ್ನೂರ ನಲವತ್ತು ದಾಟಿದ ಮೇಲೆ ಎರಡೂವರೆ ಗಂಟೆ ತುಳಿದೆ. ಎಡಕ್ಕೂ ಬಲಕ್ಕೂ ಒಂದೇ ಥರದ ಮನೆ, ಒಂದೇ ಥರದ ಬಾಗಿಲು, ಬಾಗಿಲ ಪಕ್ಕ ನಲ್ಲಿ. ಅಂಗಳದಲ್ಲಿ ಹುಲ್ಲು ಕೂಡ ಒಂದೇ ಎತ್ತರಕ್ಕೆ ಬೆಳೆದಿತ್ತು. ಒಂದು ಮನೆಗೆ ನುಗ್ಗಿ ನೋಡಿದೆ. ಅಡುಗೆಮನೆಯಲ್ಲಿ ಒಲೆ ಇತ್ತು, ಯಾರೂ ಹೊತ್ತಿಸಿರಲಿಲ್ಲ, ಗೋಡೆಗೆ ಮಸಿ ಇರಲಿಲ್ಲ. ಇಷ್ಟು ಮನೆ ಖಾಲಿ ಬಿದ್ದಿದ್ದರೂ ನಮ್ಮಪ್ಪ ಒಂದೂವರೆ ಕೋಣೆಗೆ ಬಾಡಿಗೆ ಕಟ್ಟಿಕೊಂಡು ಬರ್ತಿದ್ದಾನೆ. ಯಾಕೆ ಅಂದರೆ ಇಲ್ಲಿಗೆ ಪರದೆ ಬರಲ್ಲ. ಸಿಟ್ಟಿಗೆ ಇನ್ನೂ ಜೋರಾಗಿ ತುಳಿದೆ.

ನಾಲ್ಕು ಸಾವಿರದ ನೂರಾ ಆರನೇ ಸಾಲಲ್ಲಿ ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ನೂಲಿನ ಲಡಿ ಒಣಹಾಕಿದ್ದರು. ಕೆಂಪು, ಹಳದಿ, ಹೆಚ್ಚಿನದೆಲ್ಲ ನೀಲಿ. ಅವತ್ತು ಆಫೀಸಿಗೆ ಬಂದಿದ್ದ ಹೆಂಗಸೇ ಹಗ್ಗದ ಕೆಳಗಿಂದ ಬಗ್ಗಿ ಈಚೆ ಬಂದಳು. ಹೆಸರು ಜೈತುನ್‌ಬಿ ಅಂತ ಆಮೇಲೆ ಗೊತ್ತಾಯಿತು.

‘ಕುರ್ಚಿ ಹುಡುಗ ತಾನೇ ನೀನು?’ ಅಂದಳು. ‘ಬಾ. ಚಹಾ ಮಾಡಲ್ಲ. ಚಹಾಕ್ಕೆ ನೀರು ಹಾಕೋ ಹಾಗಿಲ್ಲ ಈಗ.’

ಹನ್ನೊಂದು ಮನೆ. ಎಲ್ಲ ನೂಲಿಗೆ ಬಣ್ಣ ಹಾಕುವವರು. ಅಕ್ಕಪಕ್ಕದ ಖಾಲಿ ಮನೆಗಳ ನಲ್ಲಿಗೆಲ್ಲ ಬಿರಡೆ ಜಡಿದಿದ್ದರು, ಒಂದು ಹನಿ ಹಾಳಾಗದ ಹಾಗೆ. ಹಿಂದೆ ಇವರು ಊರಲ್ಲೇ ಹದಿನಾಲ್ಕನೇ ಸಾಲಲ್ಲಿದ್ದವರಂತೆ. ಚರಂಡಿಯಲ್ಲಿ ನೀಲಿ ನೀರು ಹರಿದು ಕಟ್ಟಿದ ಸಾಲಿನವರ ಮನೆ ಮುಂದೆ ನಿಲ್ಲುತ್ತೆ ಅಂತ ಜಗಳ ಆಗಿ, ‘ಯಾರೂ ಇಲ್ಲದ ಕಡೆ ಹೋಗಿ ಏನಾದ್ರೂ ಮಾಡ್ಕೊಳಿ’ ಅಂದು ಶೀಟಿನಿಂದ ಹೆಸರು ಅಳಿಸಿದರಂತೆ. ಅಳಿಸಿದವರು ಯಾರು ಅಂತ ಕೇಳಿದೆ. ‘ರಾಯರೇ. ಅವರ ಕೆಲಸ ಅದು. ಅಳಿಸಿದರು, ಆಮೇಲೆ ನಮ್ಮ ಹಿಂದೇನೇ ಬಂದು, ಯಾವ ಸಾಲಲ್ಲಿ ಇಳ್ಕೊಳ್ತೀರಿ ಅಂತ ಕೇಳ್ಕೊಂಡು ಹೋದರು.’ ಹದಿನಾರು ವರ್ಷ ಹನ್ನೆರಡು ಗಂಟೆಗೆ ಅರ್ಧ ತಾಸು ನೀರು ಬಂದಿದೆ. ನೇಕಾರರು ನೂಲು ತಂದು ಬಣ್ಣ ಹಾಕಿಸಿಕೊಂಡು ಹೋಗ್ತಾರೆ, ಹೊರಗೆ ಬಾಯಿ ಬಿಡಲ್ಲ. ಬಿಟ್ಟರೆ ಅವರ ಸೀರೆಗೆ ಬಣ್ಣ ಎಲ್ಲಿಂದ ಬರಬೇಕು?

ಅವಳು ಒಳಗೆ ಕರೆದುಕೊಂಡು ಹೋಗಿ ನೆಲದಲ್ಲಿ ಹೂತ ಒಂದು ದೊಡ್ಡ ಗುಡಾಣ ತೋರಿಸಿದಳು. ಮುಚ್ಚಳ ತೆಗೆದರೆ ಗಬ್ಬು ನಾತ, ಮೇಲೆ ತಾಮ್ರದ ಬಣ್ಣದ ನೊರೆ.

‘ಇದಕ್ಕೆ ಜೀವ ಇದೆ’ ಅಂದಳು. ‘ನಮ್ಮತ್ತೆ ಹಾಕಿದ ನೀಲಿ. ಇಳಿದಷ್ಟು ನೀರು ದಿನಾ ಸೇರಿಸಬೇಕು, ಕಲಸಬೇಕು, ಮಾತಾಡಿಸಬೇಕು. ಒಣಗಿತು ಅಂದ್ರೆ ಸತ್ತಂಗೆ. ಹೊಸದು ಹಾಕಿದರೆ ಈ ಬಣ್ಣ ಬರಲ್ಲ. ಇನ್ನು ನಾಲ್ಕು ದಿನಕ್ಕೆ ನೀರಿದೆ, ನಾವು ಕುಡಿಯೋದು ಕಮ್ಮಿ ಮಾಡಿದರೆ ಐದು. ಆಮೇಲೆ ನಾವು ಎದ್ದು ಎಲ್ಲಿಗಾದ್ರೂ ಹೋಗ್ತೀವಿ. ಇದನ್ನ ಎತ್ಕೊಂಡು ಹೋಗೋಕಾಗಲ್ಲ.’

‘ಅಕ್ಕಾ, ಗಡಿ ಹಾಕಿದಾರೆ. ನಾನೇ ದಿನಾ ಹಾಕೋನು.’

‘ಗೊತ್ತು. ನಿನ್ನ ಮುಖ ನೋಡೋಕೇ ಬಂದಿದ್ದೆ.’

‘ನೋಡಿ ಏನನ್ನಿಸ್ತು?’

‘ಜಗಳಗಂಟ ಅನ್ನಿಸ್ತು.’ ನಗಲಿಲ್ಲ ಅವಳು. ‘ಸುಮ್ಮನೆ ರುಜು ಹಾಕೋ ಮುಖ ಅಲ್ಲ.’

ಬರುವ ದಾರಿಯುದ್ದಕ್ಕೂ ತಲೆ ಓಡಿಸಿದೆ. ಬೆಳಿಗ್ಗೆ ಬೇಗ ಬಂದು ಗಡಿ ಹಾಕುವ ಮೊದಲು ಇವರಿಗೆ ಅರ್ಧ ತಾಸು ಕೊಡಬಹುದು. ಆದರೆ ಟ್ಯಾಂಕಿನ ಗೇಜನ್ನು ಈಗ ಮೇಡಂ ದಿನಾ ಬರೆದುಕೊಳ್ತಾರೆ. ಇವರಿಗೆ ಹೋದ ನೀರು ಕೊನೆಗೆ ಕಮ್ಮಿ ಬೀಳುವುದು ಯಾರಿಗೆ? ಹನ್ನೊಂದೂವರೆಯ ಸಾಲಿಗೆ. ನಮ್ಮಮ್ಮನ ಕೊಡಕ್ಕೆ. ಬಾಲದವನ ನೀರು ಕಿತ್ತು ಇನ್ನೊಬ್ಬ ಬಾಲದವನಿಗೆ ಕೊಡೋಕೆ ನಾನೇ ಬೇಕಾ? ನೀರು ಎಲ್ಲಿ ಜಾಸ್ತಿ ಹರೀತಿದೆಯೋ ಅಲ್ಲಿಂದ ತರಬೇಕು. ಅದು ಎಲ್ಲಿ ಅಂತ ಊರಿಗೆಲ್ಲ ಗೊತ್ತು.

ಸೋಮವಾರ ಮಧ್ಯಾಹ್ನ ಜೆರಾಕ್ಸ್ ಅಂಗಡಿಗೆ ಹೋಗಿ ಒಂದು ಖಾಲಿ ಶೀಟು ತೆಗೆದೆ. ಅಂಗಡಿಯ ಶೀಟಿಗೂ ನಲ್ಲಿಗೂ ಸಂಬಂಧ ಇಲ್ಲ, ಏನು ಬೇಕಾದರೂ ಮಾಡಬಹುದು. ಕಟ್ಟಿದ ಸಾಲನ್ನು ಬಿಚ್ಚುವುದು ಸುಲಭ, ಒಂದು ಒತ್ತು. ಬಿಚ್ಚಿದ ಮೇಲೆ ಪರದೆಯನ್ನು ಅಡ್ಡಕ್ಕೆ ಸೀಳಬಹುದು. ನಡುವೆ ಒಂದು ಗೆರೆ ಬರುತ್ತೆ, ಮೇಲಿನ ತುಂಡೇ ಬೇರೆ, ಕೆಳಗಿನ ತುಂಡೇ ಬೇರೆ, ಒಂದು ಶೀಟಿನ ಎರಡು ಜಾಗ ಒಟ್ಟಿಗೆ ಕಾಣುತ್ತೆ. ಗೆರೆಯನ್ನು ಎಳೆದು ಮೇಲಿನ ತುಂಡನ್ನು ಎರಡೇ ಸಾಲಿನಷ್ಟು ಮಾಡಿದೆ. ಅದನ್ನು ನಾಲ್ಕು ಸಾವಿರದ ನೂರಾ ಆರಕ್ಕೆ ಒಯ್ದೆ. ಕೆಳಗಿನ ತುಂಡನ್ನು ಒಂದನೇ ಸಾಲಿಗೆ ತಂದೆ. ಆಮೇಲೆ ಗಡಿ ಹಾಕಿದೆ. ಹಾಕಿ ಮೇಲಿನ ತುಂಡನ್ನು ಅಲ್ಲಾಡಿಸಲು ನೋಡಿದರೆ ಅಲ್ಲಾಡಲಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ. ಗಡಿಯ ಹೊರಗೆ ನಿಂತಿದ್ದು ನಿಂತೇ ಇತ್ತು. ಒಳಗಿದ್ದದ್ದನ್ನು ಹೊರಗೆ ಬಿಡದ ಗಡಿ, ಹೊರಗಿದ್ದದ್ದನ್ನೂ ಕದಲಿಸಲಿಲ್ಲ. ಅಂಗಡಿಯವನು ‘ಏನೋ ಚೌಡ, ಒಬ್ಬನೇ ನಗ್ತಿದ್ದೀಯ’ ಅಂದ.

ಮಂಗಳವಾರ ಆರಕ್ಕೆ ಐದು ನಿಮಿಷ ಇರುವಾಗ ಆಫೀಸಿನ ಶೀಟಿನಲ್ಲಿ ಅದನ್ನೇ ಮಾಡಿದೆ. ‘ಗಡಿ ಹಾಕಲಾಗಿದೆ’ ಅಂತ ಬರೆದು ಗೆರೆ ಮೇಲೆ ರುಜು ಹಾಕಿದೆ. ಅದರಲ್ಲಿ ಸುಳ್ಳೇನಿರಲಿಲ್ಲ. ಕಟ್ಟಿದ ಸಾಲಿನವರಿಗೆ ನಾನು ಅನ್ಯಾಯ ಮಾಡಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಆರರಿಂದ ಆರೂವರೆ, ಒಂದರಿಂದ ಮೂವತ್ತನೇ ಸಾಲು, ಊರಿಗೇ ಮೊದಲ ಸರದಿ ಅವರದ್ದು. ಆದರೆ ಸರದಿ ಅಂದರೆ ಏನು ಅಂತ ಅವರಿಗೆ ಗೊತ್ತಿದ್ದರೆ ತಾನೇ. ಆ ಅರ್ಧ ಗಂಟೆ ಇಪ್ಪತ್ತನಾಲ್ಕು ಮನೆಯೂ ಮಲಗಿತ್ತು.

ಒಂಬತ್ತು ದಾಟಿತ್ತು, ನೂರಾ ಎಂಬತ್ತೊಂದರಿಂದ ಇನ್ನೂರ ಹತ್ತರವರೆಗಿನ ಸಾಲು ಪರದೆ ಮೇಲಿತ್ತು, ಅಷ್ಟರಲ್ಲಿ ಸದಾನಂದಯ್ಯ ಬಂದರು. ಒಂದು ಕೆನ್ನೆ ಬೋಳಿಸಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ ಒಣಗಿ ಸುಣ್ಣ ಬಳಿದ ಹಾಗಿತ್ತು. ಹಿಂದೆ ಡಾಕ್ಟರು, ತಮ್ಮ. ಕಂದಾಯದ ಚೀಟಿಗೆ ಬಂದಿದ್ದ ಏಳೆಂಟು ಜನ ಬೆಂಚಿನಿಂದ ಎದ್ದು ನಿಂತರು.

‘ಲೋ, ನಮ್ಮ ಸಾಲು ಎಲ್ಲೋ?’

‘ಆರು ಗಂಟೆಗೆ ಬಂದಿತ್ತು ಸಾರ್. ನೀವು ಎದ್ದಿರಲಿಲ್ಲ ಅನ್ಸುತ್ತೆ.’

‘ಮೇಲೆ ಇದೇನಿದು, ಖಾಲಿ ಚೌಕ? ಇದನ್ನ ತೆಗೆದು ನಮ್ಮದು ಹಾಕು.’

‘ಅಲ್ಲಾಡಲ್ಲ ಸಾರ್. ಗಡಿ ಹಾಕಾಗಿದೆ.’ ಅವರೇ ಬಂದು ಇಲಿಯಂಥ ಮೌಸನ್ನು ಹಿಡಿದು ಎಳೆದಾಡಿದರು. ಗುಂಡಿಗಳನ್ನೆಲ್ಲ ಕುಟ್ಟಿದರು. ಅಲ್ಲಾಡಲಿಲ್ಲ.

‘ಶೀಟು ಮುಚ್ಚಿ ಮತ್ತೆ ತೆಗಿ ಹಂಗಾದ್ರೆ.’

ಬೆಂಚಿನ ಹತ್ತಿರ ನಿಂತಿದ್ದ ಸಿದ್ದಗಂಗಮ್ಮ, ನೂರಾ ತೊಂಬತ್ತನೇ ಸಾಲಿನವರು, ಮುಂದೆ ಬಂದರು. ‘ಬುದ್ಧಿ, ಮುಚ್ಚಿದರೆ ತೆಗೆಯೋಕೆ ಅರ್ಧ ಗಂಟೆ ಹಿಡಿಯುತ್ತೆ ಈ ಮುದಿ ಮಿಷನ್ನು. ನಮ್ಮನೇಲಿ ಸೊಸೆ ಈಗ ಕೊಡ ಇಟ್ಟಿರ್ತಾಳೆ. ನಮ್ಮ ಸರದಿ ಮುಗೀಲಿ.’

‘ಅದಾದ ಮೇಲೆ ನಮ್ಮದು’ ಅಂದ ಇನ್ನೊಬ್ಬ, ಇನ್ನೂರ ಮೂವತ್ತರವನು. ‘ನಮ್ಮದು ಮುಗಿದ ಮೇಲೆ ಮುಚ್ಚಲಿ, ಬೇಡ ಅನ್ನಲ್ಲ.’

‘ಆಮೇಲೆ ನಾವೇನು ಪಾಪ ಮಾಡಿದ್ದು?’ ಅಂತ ಹಿಂದಿನಿಂದ ಮತ್ತೊಂದು ದನಿ.

ಸದಾನಂದಯ್ಯ ಮೇಡಂ ಕಡೆ ತಿರುಗಿದರು. ಪಂಕಜಾಕ್ಷಿ ಮೇಡಂ ಠರಾವಿನ ಫೈಲು ತೆಗೆದು ಕನ್ನಡಕ ಸರಿಮಾಡಿಕೊಂಡು ಓದಿದರು, ‘ಗಡಿ ಹಾಕಿದ ನಂತರ ಹನ್ನೆರಡು ಗಂಟೆಯವರೆಗೆ ಯಾವುದೇ ಕಾರಣಕ್ಕೂ ಶೀಟನ್ನು ಮುಚ್ಚತಕ್ಕದ್ದಲ್ಲ. ಕೆಳಗೆ ತಮ್ಮ ರುಜು ಇದೆ ಸಾರ್.’ ಫೈಲು ಅವರತ್ತ ತಿರುಗಿಸಿ, ‘ಗೆರೆ ಮೇಲೇ ಇದೆ’ ಅಂದರು.

ಹನ್ನೆರಡರವರೆಗೆ ಯಾರೂ ಮುಚ್ಚಲಿಲ್ಲ. ಗೇಜು ನೋಡಿದರೆ ಟ್ಯಾಂಕಿನಲ್ಲಿ ದಿನಕ್ಕಿಂತ ಎರಡು ಗೇಣು ನೀರು ಜಾಸ್ತಿ ಉಳಿದಿತ್ತು. ಹನ್ನೆರಡೂ ಐದಕ್ಕೆ ನನ್ನ ಕೆಲಸ ಹೋಯಿತು. ಸದಾನಂದಯ್ಯ ಅಷ್ಟು ಹೊತ್ತೂ ಅರ್ಧ ಮುಖದಲ್ಲೇ ಕೂತಿದ್ದರು. ‘ಆ ಖಾಲಿ ಚೌಕದಲ್ಲಿ ಯಾರಿದ್ದಾರೆ ಅಂತ ನನಗೆ ಗೊತ್ತು’ ಅಂದರು ಹೋಗುವಾಗ. ‘ನಾಳೆಯಿಂದ ಮೇಡಮ್ಮೇ ಕೂರಲಿ. ನೋಡೋಣ ಯಾವನು ಅಲ್ಲಿಗೆ ನೀರು ಬಿಡ್ತಾನೆ.’

ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಮೇಡಂ ಕರೆದರು. ‘ಎಲ್ಲಿಗೆ ಹೊರಟೆ? ತಪ್ಪೊಪ್ಪಿಗೆ ಬರೆದುಕೊಟ್ಟು ಹೋಗು. ಫೈಲಿಗೆ ಬೇಕು.’

‘ತಪ್ಪು ಮಾಡಿದೆ ಅಂತ ಬರೆಯಲ್ಲ ಮೇಡಂ.’

‘ಅದು ಬೇಡ. ಏನೇನು ಮಾಡಿದೆ, ಒಂದಾದ ಮೇಲೆ ಒಂದು, ಅಷ್ಟು ಬರಿ.’

ಕೋಪದಲ್ಲಿ ಪೆನ್ನು ಕಾಗದ ಹರಿಯುವ ಹಾಗೆ ಬರೆದುಕೊಟ್ಟೆ. ಅವರು ಓದಿ ವಾಪಸ್ಸು ತಳ್ಳಿದರು. ‘ಕಟ್ಟಿದ ಸಾಲು ಬಿಚ್ಚಿದೆ ಅಂದ್ರೆ? ಯಾವ ಗುಂಡಿ, ಎಲ್ಲಿರುತ್ತೆ, ಬರಿ.’ ಬರೆದೆ. ಮತ್ತೆ ಓದಿದರು. ‘ಗೆರೆ ಎಳೆಯೋದು ಮೊದಲೋ ಚುಕ್ಕೆಗೆ ಹೋಗೋದು ಮೊದಲೋ? ಇಲ್ಲಿ ಸ್ಪಷ್ಟ ಇಲ್ಲ.’ ಸ್ಪಷ್ಟ ಮಾಡಿದೆ. ಮಾಡಿದ್ದನ್ನೇ ಇಷ್ಟು ಕೆದಕಿ ಕೇಳಿ ಅವಮಾನ ಮಾಡ್ತಾರಲ್ಲ ಅಂತ ಹಲ್ಲು ಕಚ್ಚಿಕೊಂಡೇ ಬರೆದೆ. ಮೂರು ಪುಟ ಆಯಿತು. ಅವರು ಮಡಚಿ ಫೈಲಿಗೆ ಹಾಕಲಿಲ್ಲ, ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡರು. ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ.

ಆ ಮಧ್ಯಾಹ್ನವೇ ಸೈಕಲ್ ಹತ್ತಿದೆ. ಒಂದು ದಿನದ ನೀರು ಕೊಟ್ಟು ಆಸೆ ಹುಟ್ಟಿಸಿದವನು ನಾನು, ನಾಳೆ ಬರಲ್ಲ ಅಂತ ಹೇಳಬೇಕಾದವನೂ ನಾನೇ. ಹನ್ನೊಂದು ಮನೆಯವರೂ ಇದ್ದಬದ್ದ ಪಾತ್ರೆಯನ್ನೆಲ್ಲ ತುಂಬಿಸಿಟ್ಟಿದ್ದರು. ಚಹಾ ಮಾಡಿದರು. ಹೇಳಿದೆ. ಜೈತುನ್‌ಬಿ ಬೈಯಲಿಲ್ಲ. ‘ಇವತ್ತಿನದನ್ನ ಲೆಕ್ಕ ಹಾಕಿದರೆ ಹದಿನೈದು ದಿನ ನೀಲಿ ಉಳಿಯುತ್ತೆ’ ಅಂದಳು. ‘ಅಷ್ಟರಲ್ಲಿ ಎಲ್ಲಿಗೆ ಹೋಗೋದು ಅಂತ ಯೋಚನೆ ಮಾಡೋಣ. ನೀನೂ ಯೋಚನೆ ಮಾಡು, ಕೆಲಸ ಕಳ್ಕೊಂಡೋನು.’

ಅಲ್ಲೇ ಉಳಿದೆ. ಬೆಳಿಗ್ಗೆ ಎದ್ದಾಗ ಎಲ್ಲರೂ ಹೊರಗೆ ಬಂದಿದ್ದರು, ಬರಲ್ಲ ಅಂತ ಗೊತ್ತಿದ್ದೂ. ಯಾರೂ ನಲ್ಲಿ ಕಡೆ ನೇರವಾಗಿ ನೋಡ್ತಿರಲಿಲ್ಲ. ಆರು ಗಂಟೆ ಆಯಿತು. ಏನೂ ಇಲ್ಲ. ಆರೂ ಐದು. ಜೈತುನ್‌ಬಿ ಲಡಿಗಳನ್ನು ಹಗ್ಗದ ಮೇಲೆ ಹರಡುವುದಕ್ಕೆ ಶುರುಮಾಡಿದಳು. ಆರೂ ಹನ್ನೊಂದಕ್ಕೆ ಕೊಳವೆಯೊಳಗೆ ಗಾಳಿ ಕೆಮ್ಮಿತು. ಒಂದು ಸಲ ನಿಂತಿತು. ಎಲ್ಲೋ ಒಬ್ಬರು ಕಾಗದದಲ್ಲಿ ಬರೆದದ್ದನ್ನು ಬೆರಳಿಟ್ಟು ಓದಿ, ಒಂದು ಗುಂಡಿ ಹುಡುಕಿ, ಒತ್ತಿ, ಮತ್ತೆ ಓದುವಷ್ಟು ಹೊತ್ತು ನಿಂತಿತು. ಆಮೇಲೆ ನೀರು ಬಂತು. ಹನ್ನೊಂದು ನಲ್ಲಿಯಲ್ಲೂ ಬಂತು.

ಆರೂವರೆಗೆ ನಿಲ್ಲುತ್ತೆ ಅಂದುಕೊಂಡೆ, ನಿಲ್ಲಲಿಲ್ಲ. ಏಳಕ್ಕೂ ನಿಲ್ಲಲಿಲ್ಲ. ನಾನು ನಲ್ಲಿ ಮುಂದೆ ಕುಕ್ಕರಗಾಲಲ್ಲಿ ಕೂತು ಕೈಯೊಡ್ಡಿಕೊಂಡಿದ್ದೆ.

‘ಏನಪ್ಪಾ, ನೀರು ನೋಡಿಲ್ವಾ ನೀನು?’ ಅಂತ ಜೈತುನ್‌ಬಿ ತುಂಬಿದ ಕೊಡ ನನ್ನ ಕಡೆ ತಳ್ಳಿದಳು. ‘ಎತ್ತು. ಗುಡಾಣಕ್ಕೆ ಮೆಲ್ಲಗೆ ಹೊಯ್ಯಬೇಕು, ನೊರೆ ಒಡೀಬಾರದು.’